ನಡುಕಕ್ಕೊಂದು ಕೆಲಸ ಕೊಡಿ

ಪ್ರೌಢಶಾಲೆಯ ವಾರ್ಷಿಕೋತ್ಸವದ ಸಂಜೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸೈಡ್‌ವಿಂಗಿನ ಕಪ್ಪು ಪರದೆಯ ಹಿಂದೆ ನಿಂತಿದ್ದಾಳೆ. ಇನ್ನೆರಡು ಮಾತಾದರೆ ಅವಳ ಪ್ರವೇಶ. ಅಂಗೈ ಒದ್ದೆಯಾಗಿದೆ, ನಾಲಿಗೆ ಅಂಗುಳಿಗೆ ಅಂಟಿಕೊಂಡಿದೆ, ಮಂಡಿ ಸಣ್ಣಗೆ ಅದುರುತ್ತಿದೆ. ವಾರದಿಂದ ನಿದ್ದೆಗಣ್ಣಲ್ಲೂ ಒಪ್ಪಿಸುತ್ತಿದ್ದ ಮಾತಿನ ಮೊದಲ ಪದವೇ ಈಗ ನೆನಪಿಗೆ ಬರುತ್ತಿಲ್ಲ. ಅವಳ ಮುಖ ನೋಡಿದ ಮೇಷ್ಟ್ರು ಬೆನ್ನು ತಟ್ಟಿ, ‘ಹೆದರ್ಬೇಡಮ್ಮ, ಏನೂ ಆಗಲ್ಲ’ ಎನ್ನುತ್ತಾರೆ. ನಮ್ಮ ಯಾವ ಊರಿನ ಯಾವ ಶಾಲೆಯಲ್ಲಾದರೂ ಕಾಣಸಿಗುವ ದೃಶ್ಯ ಇದು. ಅವಳಿಗೆ ಆಗುತ್ತಿರುವುದಕ್ಕೆ ಕನ್ನಡದಲ್ಲಿ ಸಭಾಕಂಪನ ಎಂಬ ಹೆಸರಿದೆ. ಸಭೆಯ ಎದುರು ಮೈ ನಡುಗುವುದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುವ ಹೆಸರು. ಮೇಷ್ಟ್ರ ಮಾತಿನಲ್ಲಿ ಪ್ರೀತಿ ಇದೆ. ಆದರೆ ಅದರಿಂದ ಆ ಹುಡುಗಿಗೆ ಸಿಗುವ ಸಹಾಯ ಬಹಳ ಕಡಿಮೆ. ಹೆದರಿಕೆ ಹೋದ ಮೇಲೆ ರಂಗ ಹತ್ತಬೇಕು ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತ ಬಂದಿದ್ದೇವೆ. ನಿಜದಲ್ಲಿ ಇದು ತಿರುವುಮುರುವು. ರಂಗ ಹತ್ತುತ್ತ ಹತ್ತುತ್ತ ಹೆದರಿಕೆ ಹಿಡಿತಕ್ಕೆ ಬರುತ್ತದೆ. ಅಲ್ಲಿಯವರೆಗೆ ಅದನ್ನು ಓಡಿಸಲು ಹೆಣಗುವುದಕ್ಕಿಂತ ಅದಕ್ಕೊಂದು ಕೆಲಸ ಹಚ್ಚುವುದು ಮೇಲು. ಆ ಕೆಲಸವನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಹೊಣೆ ಹುಡುಗಿಯದಲ್ಲ, ಹಿರಿಯರದು.

ಮೊದಲಿಗೆ ಮೈಯಲ್ಲಿ ಆಗುವುದೇನು ಎಂದು ನೋಡೋಣ. ಅಪಾಯ ಎದುರಿದೆ ಎಂದು ಮೆದುಳು ಬಗೆದ ಕೂಡಲೇ ಮೂತ್ರಪಿಂಡಗಳ ಮೇಲೆ ಕೂತಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ. ಹೊಟ್ಟೆಯ ಕಡೆ ಹೋಗುತ್ತಿದ್ದ ರಕ್ತ ಕೈಕಾಲಿನ ಸ್ನಾಯುಗಳತ್ತ ತಿರುಗುತ್ತದೆ. ಹೊಟ್ಟೆಯಲ್ಲಿ ಏನೋ ಕಲಸಿದಂತಾಗುವುದು ಅದಕ್ಕೇ. ಅರಗಿಸುವ ಕೆಲಸ ಹಿಂದೆ ಬೀಳುವುದರಿಂದ ಬಾಯಲ್ಲಿ ಜೊಲ್ಲು ಕಡಿಮೆಯಾಗಿ ನಾಲಿಗೆ ಒಣಗುತ್ತದೆ. ಓಡಲು ಸಜ್ಜಾದ ಕಾಲನ್ನು ಓಡಿಸದೆ ನಿಲ್ಲಿಸಿಕೊಂಡರೆ ಮಂಡಿ ಅದುರುತ್ತದೆ. ಇದರಲ್ಲಿ ಒಂದೂ ರೋಗದ ಲಕ್ಷಣವಲ್ಲ. ಓಟದ ಗೆರೆಯ ಮೇಲೆ ನಿಂತ ಓಟಗಾರನಿಗೂ, ಅಖಾಡಕ್ಕೆ ಇಳಿಯುವ ಪೈಲ್ವಾನನಿಗೂ ಆಗುವುದು ಇದೇ. ಅವರಿಗೆ ಮರುಕ್ಷಣವೇ ಓಡುವ, ಹಿಡಿಯುವ ಕೆಲಸ ಇರುತ್ತದೆ. ಒಳಗೆ ಉಕ್ಕಿದ ಶಕ್ತಿ ಅಲ್ಲಿ ಖರ್ಚಾಗುತ್ತದೆ. ಪರದೆಯ ಹಿಂದೆ ಕೈಕಟ್ಟಿ ನಿಂತ ಹುಡುಗಿಗೆ ಆ ಶಕ್ತಿಯನ್ನು ಎಲ್ಲಿ ಹರಿಯಬಿಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ.

ಇಲ್ಲಿ ನಮ್ಮ ಹಳೆಯ ನಾಟ್ಯಶಾಸ್ತ್ರವನ್ನು ನೆನೆಯಬೇಕು. ಅದರಲ್ಲಿ ಭರತ ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತಾನೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಅಂದರೆ ಮರಗಟ್ಟುವುದು, ಬೆವರುವುದು, ಮೈ ನವಿರೇಳುವುದು, ದನಿ ಒಡೆಯುವುದು, ನಡುಗುವುದು, ಮುಖದ ಬಣ್ಣ ಕೆಡುವುದು, ಕಣ್ಣೀರು ಬರುವುದು, ಎಚ್ಚರ ತಪ್ಪುವುದು. ಈ ಪಟ್ಟಿಯನ್ನು ಸೈಡ್‌ವಿಂಗಿನ ಹುಡುಗಿಯ ಪಕ್ಕದಲ್ಲಿಟ್ಟು ಓದಿದರೆ ಹಲವು ಅವಳಲ್ಲಿ ಕಾಣುತ್ತವೆ. ನಟನಾದವನು ತನ್ನ ಮೈಯಲ್ಲಿ ತರಿಸಿಕೊಳ್ಳಬೇಕಾದ ಅತ್ಯಂತ ಕಷ್ಟದ ಅಭಿನಯ ಯಾವುದೋ ಅದರ ಸಾಮಗ್ರಿಯೆಲ್ಲ ಹೆದರಿದ ಮಗುವಿನಲ್ಲಿ ತಾನಾಗಿ ಬಂದು ಕೂತಿದೆ. ತಾನಾಗಿ ಬಂದ ನಡುಕಕ್ಕೂ ಪಾತ್ರಕ್ಕಾಗಿ ತಂದುಕೊಂಡ ನಡುಕಕ್ಕೂ ವ್ಯತ್ಯಾಸ ಇದೆ, ನಿಜ. ಮೊದಲನೆಯದು ನಟನನ್ನು ಆಳುತ್ತದೆ, ಎರಡನೆಯದನ್ನು ನಟ ಆಳುತ್ತಾನೆ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯೇ ಕಲಿಕೆ. ಮನಸ್ಸಿನಲ್ಲಿ ಆದದ್ದು ಕೂಡಲೇ ಮೈಮೇಲೆ ಕಾಣುವ ಮಗು ಅಭಿನಯಕ್ಕೆ ನಾಲಾಯಕ್ಕು ಎಂದು ತೀರ್ಮಾನಿಸುವವರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು.

ಹದಿಹರೆಯದಲ್ಲೇ ಈ ಕಂಪನ ಇಷ್ಟು ಜೋರಾಗಿ ಬರುವುದು ಯಾಕೆ? ಆರು ವರ್ಷದ ಮಗು ಮೀಸೆ ಅಂಟಿಸಿಕೊಂಡು ಬಂದು ಮಾತು ಮರೆತರೂ ನಗುತ್ತ ಅಮ್ಮನತ್ತ ಕೈ ಬೀಸುತ್ತದೆ. ಅದೇ ಮಗು ಹದಿಮೂರಕ್ಕೆ ಬಂದಾಗ ಒಂದು ಪದ ತಪ್ಪಿದರೆ ಎರಡು ದಿನ ಊಟ ಬಿಡುತ್ತದೆ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಎಲ್ಕಿಂಡ್ 1967ರಲ್ಲಿ ಇದಕ್ಕೆ ‘ಕಲ್ಪಿತ ಪ್ರೇಕ್ಷಕರು’ ಎಂಬ ಅರ್ಥದ ಹೆಸರು ಕೊಟ್ಟರು. ಹದಿಹರೆಯದವರು ಎಲ್ಲಿ ಹೋದರೂ ತಮ್ಮನ್ನು ಒಂದು ಸಭೆ ನೋಡುತ್ತಿದೆ ಎಂದುಕೊಂಡೇ ಬದುಕುತ್ತಾರೆ ಎಂಬುದು ಅವರ ಮಾತಿನ ಸಾರ. 2013ರಲ್ಲಿ ಸಂಶೋಧಕಿ ಲಿಯಾ ಸಾಮರ್‌ವಿಲ್ ಮತ್ತು ಸಂಗಡಿಗರು ಎಂಟರಿಂದ ಇಪ್ಪತ್ತೆರಡರವರೆಗಿನ ವಯಸ್ಸಿನವರನ್ನು ಮೆದುಳಿನ ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ, ‘ನಿನ್ನ ವಯಸ್ಸಿನವರೊಬ್ಬರು ಈಗ ಕ್ಯಾಮೆರಾದಲ್ಲಿ ನಿನ್ನನ್ನು ನೋಡುತ್ತಿದ್ದಾರೆ’ ಎಂದಷ್ಟೇ ಹೇಳಿದರು. ಅವರು ಏನನ್ನೂ ಮಾಡಿತೋರಿಸಬೇಕಿರಲಿಲ್ಲ, ಯಾರೂ ಅವರನ್ನು ಅಳೆಯುತ್ತಿರಲಿಲ್ಲ. ಆದರೂ ಹದಿಹರೆಯದವರಲ್ಲಿ ಮುಜುಗರವೂ ಚರ್ಮದ ಬೆವರಿನ ಅಳತೆಯೂ ಏರಿತು. ಬರೀ ನೋಟವೇ ಆ ವಯಸ್ಸಿಗೆ ಇಷ್ಟು ಭಾರವಾದರೆ, ಮುನ್ನೂರು ಜನ ಕೂತ ಸಭೆ ಎಷ್ಟು ಭಾರ ಎಂದು ದೊಡ್ಡವರು ಯೋಚಿಸಬೇಕು. ‘ಇಷ್ಟಕ್ಕೆಲ್ಲ ಯಾಕೆ ನಾಚಿಕೆ’ ಎಂದು ಗದರುವವರು ತಮ್ಮ ನಲವತ್ತರ ಮನಸ್ಸಿನ ತಕ್ಕಡಿಯಲ್ಲಿ ಹದಿನಾಲ್ಕರ ಮನಸ್ಸನ್ನು ತೂಗುತ್ತಿದ್ದಾರೆ.

ಆ ಭಾರ ಸುಳ್ಳಲ್ಲ. ಆದರೆ ಅದರ ಅಂದಾಜು ತಪ್ಪು. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು 2000ನೇ ಇಸವಿಯಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದದ್ದು. ಗಾಯಕನೊಬ್ಬನ ದೊಡ್ಡ ಚಿತ್ರವಿದ್ದ, ತೊಟ್ಟುಕೊಳ್ಳಲು ನಾಚಿಕೆಯಾಗುವ ಟೀ ಶರ್ಟನ್ನು ವಿದ್ಯಾರ್ಥಿಗಳಿಗೆ ಹಾಕಿಸಿ, ಬೇರೆ ವಿದ್ಯಾರ್ಥಿಗಳಿದ್ದ ಕೋಣೆಗೆ ಕಳಿಸಿದರು. ಕೋಣೆಯಲ್ಲಿದ್ದ ಸುಮಾರು ಅರ್ಧ ಜನ ಆ ಚಿತ್ರವನ್ನು ಗಮನಿಸಿರಬೇಕು ಎಂದು ತೊಟ್ಟವರ ಊಹೆ. ಗಮನಿಸಿದ್ದವರು ಕಾಲು ಭಾಗಕ್ಕಿಂತ ಕಡಿಮೆ. ಮೂರು ವರ್ಷದ ನಂತರ ಕೆನೆತ್ ಸಾವಿಟ್ಸ್ಕಿ ಮತ್ತು ಗಿಲೋವಿಚ್ ಸೇರಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಪ್ರಯೋಗ ಮಾಡಿದರು. ವಿದ್ಯಾರ್ಥಿಗಳಿಂದ ಭಾಷಣ ಮಾಡಿಸಿದರು. ಒಂದು ಗುಂಪಿಗೆ ಏನನ್ನೂ ವಿಶೇಷವಾಗಿ ಹೇಳಲಿಲ್ಲ. ಇನ್ನೊಂದಕ್ಕೆ, ಅಳುಕು ಸಹಜ, ಅದಕ್ಕಾಗಿ ಚಿಂತಿಸಬೇಡಿ ಎಂದು ಧೈರ್ಯ ಹೇಳಿದರು. ಮೂರನೆಯದಕ್ಕೆ ಒಂದು ಸಂಗತಿಯನ್ನು ವಿವರಿಸಿದರು: ‘ನಿಮ್ಮೊಳಗಿನ ಅಳುಕು ಹೊರಗಿನವರಿಗೆ ಕಾಣುತ್ತಿದೆ ಎಂದು ನಿಮಗೆ ಅನ್ನಿಸುತ್ತದೆ, ನಿಜಕ್ಕೂ ಅದು ನೀವು ತಿಳಿದಷ್ಟು ಕಾಣುವುದಿಲ್ಲ.’ ಚೆನ್ನಾಗಿ ಮಾತಾಡಿದ್ದು ಮೂರನೆಯ ಗುಂಪು; ಹಾಗೆಂದು ಅವರಿಗೂ ಅನ್ನಿಸಿತು, ಕೇಳಿದವರಿಗೂ ಅನ್ನಿಸಿತು. ಬರೀ ಧೈರ್ಯ ಹೇಳಿಸಿಕೊಂಡವರಿಗೆ ಆ ಲಾಭ ಆಗಲಿಲ್ಲ. ಮೇಷ್ಟ್ರ ‘ಹೆದರ್ಬೇಡಮ್ಮ’ ಎಂಬ ಮಾತಿನ ಅಳತೆ ಇಲ್ಲಿ ಸಿಗುತ್ತದೆ. ಅದರ ಬದಲು ‘ನಿನ್ನ ಕೈ ನಡುಗ್ತಿರೋದು ಮೂರನೇ ಸಾಲಿನವರಿಗೆ ಕಾಣಲ್ಲ ಕಣಮ್ಮ, ನಾನೇ ಅಲ್ಲಿ ಕೂತು ನೋಡಿದೀನಿ’ ಎಂದರೆ ಅದು ಹುಡುಗಿಯ ಕೈಗೆ ಸಿಕ್ಕ ಒಂದು ಊರುಗೋಲು.

ಇನ್ನೊಂದು ಪ್ರಯೋಗವನ್ನೂ ಹೇಳಬೇಕು. ಹಾರ್ವರ್ಡಿನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ, ಅಪರಿಚಿತರ ಎದುರು ಹಾಡುವ, ಭಾಷಣ ಮಾಡುವ ಕೆಲಸ ಕೊಟ್ಟು, ಅದಕ್ಕೆ ಮುಂಚೆ ಒಂದು ವಾಕ್ಯ ಹೇಳಿಕೊಳ್ಳುವಂತೆ ತಿಳಿಸಿದರು. ‘ನನಗೆ ಉತ್ಸಾಹ ಬಂದಿದೆ’ ಎಂದುಕೊಂಡು ಹಾಡಿದವರು ‘ನನಗೆ ಆತಂಕವಾಗಿದೆ’ ಎಂದುಕೊಂಡವರಿಗಿಂತ ಚೆನ್ನಾಗಿ ಹಾಡಿದರು. ಭಾಷಣದಲ್ಲಿ ಅವರು ‘ನಾನು ಶಾಂತವಾಗಿದ್ದೇನೆ’ ಎಂದುಕೊಂಡವರನ್ನೂ ಹಿಂದೆ ಹಾಕಿದರು. ಇದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಎದೆಬಡಿತದ ಲೆಕ್ಕ. ಉತ್ಸಾಹ ಎಂದುಕೊಂಡವರ ಎದೆಬಡಿತವೇನೂ ಇಳಿದಿರಲಿಲ್ಲ. ಮೈ ಹೊಡೆದುಕೊಳ್ಳುತ್ತಲೇ ಇತ್ತು. ಅದಕ್ಕೆ ಇಟ್ಟ ಹೆಸರು ಬದಲಾಗಿತ್ತು, ಅಷ್ಟೆ. ಓಡುತ್ತಿರುವ ಕುದುರೆಯನ್ನು ಏಕಾಏಕಿ ನಿಲ್ಲಿಸಲು ಹೋದರೆ ಬೀಳುತ್ತೇವೆ, ಓಡುವ ದಿಕ್ಕು ತಿರುಗಿಸುವುದು ಸುಲಭ. ಒಂದು ವಾಕ್ಯದಿಂದ ಸಭಾಕಂಪನ ವಾಸಿಯಾಗುತ್ತದೆ ಎಂದು ಯಾರೂ ತಿಳಿಯಬಾರದು. ಆದರೆ ಶಾಂತವಾಗು, ಶಾಂತವಾಗು ಎಂದು ಮಕ್ಕಳ ಮೇಲೆ ಹೇರುವ ಒತ್ತಾಯ ದಂಡ ಎಂಬುದಕ್ಕೆ ಈ ಪ್ರಯೋಗ ಆಧಾರ.

ಹಾಗಾದರೆ ಈ ಓಟವನ್ನು ಯಾವ ಕಡೆ ತಿರುಗಿಸಬೇಕು? ಇದಕ್ಕೆ ಒಳ್ಳೆಯ ಉತ್ತರ ರಂಗಭೂಮಿಯವರಿಂದಲೇ ಬಂದಿದೆ. ರಷ್ಯಾದ ರಂಗನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ ನಟನೆಯ ಕಲಿಕೆಯ ಬಗ್ಗೆ ಬರೆದ, 1936ರಲ್ಲಿ ಇಂಗ್ಲಿಷಿನಲ್ಲಿ ಬಂದ ಪುಸ್ತಕದಲ್ಲಿ ಕೋಸ್ತ್ಯಾ ಎಂಬ ವಿದ್ಯಾರ್ಥಿ ಮೊದಲ ಸಲ ದೊಡ್ಡ ರಂಗದ ಮೇಲೆ ನಿಂತು, ಎದುರಿನ ಸಭಾಂಗಣದ ಕತ್ತಲನ್ನು ನೋಡಿ ಬೆದರುತ್ತಾನೆ. ಅಷ್ಟರಲ್ಲಿ ಕೆಲಸಗಾರನೊಬ್ಬನ ಕೈಯಿಂದ ಮೊಳೆಗಳು ಚೆಲ್ಲುತ್ತವೆ. ಕೋಸ್ತ್ಯಾ ಬಗ್ಗಿ ಅವನ್ನು ಆರಿಸಿಕೊಡಲು ತೊಡಗುತ್ತಾನೆ. ಆರಿಸುತ್ತಿರುವಷ್ಟು ಹೊತ್ತು ಅವನಿಗೆ ರಂಗ ತನ್ನ ಮನೆಯ ಅಂಗಳದಂತೆ ಹಗುರ. ಮೊಳೆ ಮುಗಿದವೋ, ಮತ್ತೆ ಮೈ ಬಿಗಿಯುತ್ತದೆ. ಗಮನವನ್ನು ಒಂದು ಸಣ್ಣ ವೃತ್ತದೊಳಗೆ, ಕೈಗೆಟಕುವ ವಸ್ತುವಿನ ಮೇಲೆ, ಎದುರಿನ ಪಾತ್ರದ ಕಣ್ಣಿನ ಮೇಲೆ ನೆಡಬೇಕು, ಆಮೇಲೆ ವೃತ್ತವನ್ನು ಮೆಲ್ಲಗೆ ಹಿಗ್ಗಿಸಬೇಕು ಎಂಬ ಅವರ ಪಾಠಕ್ಕೆ ಬೇರು ಇಲ್ಲಿದೆ. ಮೊದಲ ಸಲ ಬಣ್ಣ ಹಚ್ಚುವ ಹುಡುಗನಿಗೆ ಇದನ್ನು ತತ್ತ್ವವಾಗಿ ಹೇಳಬೇಕಿಲ್ಲ. ಅಜ್ಜನ ಪಾತ್ರವಾದರೆ ಎಲೆ ಅಡಿಕೆಯ ಸಂಚಿ ಕೊಟ್ಟು, ಎಲೆಯ ನಾರು ತೆಗೆದು, ಸುಣ್ಣ ಸವರಿ, ಮಡಿಸಿ ಬಾಯಿಗಿಡುವವರೆಗೆ ಮಾತು ಶುರು ಮಾಡಬೇಡ ಎಂದರೆ ಸಾಕು. ಬೆರಳಿಗೆ ನಿಜವಾದ ಕೆಲಸ ಸಿಕ್ಕಿತು, ಕಣ್ಣಿಗೆ ನೋಡಲು ಎಲೆ ಸಿಕ್ಕಿತು, ಉಸಿರಿಗೆ ಪುರುಸೊತ್ತು ಸಿಕ್ಕಿತು. ಸಭೆಗಂತೂ ಅಷ್ಟರೊಳಗೆ ಅಜ್ಜ ಕಂಡಾಯಿತು. ‘ನಾನು ಹೇಗೆ ಕಾಣುತ್ತಿದ್ದೇನೆ’ ಎಂಬ ಪ್ರಶ್ನೆ ಇದ್ದ ಜಾಗಕ್ಕೆ ‘ಸುಣ್ಣ ಎಷ್ಟು ಸವರಲಿ’ ಎಂಬ ಪ್ರಶ್ನೆ ಬಂದು ಕೂತರೆ ಸಭಾಕಂಪನದ ಅರ್ಧ ಬಲ ಉಡುಗಿದಂತೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಏಳಬೇಕಾದ್ದೇ. ‘ಇಷ್ಟೆಲ್ಲ ನಾಜೂಕು ಯಾಕೆ? ನೀರಿಗೆ ತಳ್ಳಿದರೆ ಈಜು ತಾನೇ ಬರುತ್ತದೆ, ರಂಗಕ್ಕೆ ತಳ್ಳಿ, ನಾಲ್ಕು ಸಲ ಮುಗ್ಗರಿಸಿ ಕಲಿಯಲಿ’ ಎನ್ನುವವರಿದ್ದಾರೆ. ತಳ್ಳಿಸಿಕೊಂಡು ಕಲಿತವರೂ ಇದ್ದಾರೆ. ಆದರೆ ತಳ್ಳಿದಾಗ ಮುಳುಗಿದವರು ಮುಂದೆ ಕಣ್ಣಿಗೇ ಬೀಳುವುದಿಲ್ಲವಾದ್ದರಿಂದ ಈ ವಾದ ಗೆಲ್ಲುವಂತೆ ಕಾಣುತ್ತದೆ. ರಾಬರ್ಟ್ ಜಾಯನ್ಸ್ ಎಂಬ ಮನೋವಿಜ್ಞಾನಿ 1965ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಜೋಡಿಸಿ ಒಂದು ಸೂತ್ರ ಕೊಟ್ಟರು: ನೋಡುವವರಿದ್ದಾಗ ಚೆನ್ನಾಗಿ ಕರಗತವಾದ ಕೆಲಸ ಇನ್ನೂ ಚೆನ್ನಾಗುತ್ತದೆ, ಅರೆಬರೆ ಕಲಿತ ಕೆಲಸ ಇನ್ನೂ ಕೆಡುತ್ತದೆ. ನಾಲ್ಕು ವರ್ಷದ ನಂತರ ಅವರು ಇದನ್ನು ಜಿರಳೆಗಳಲ್ಲೂ ತೋರಿಸಿದರು. ಬೇರೆ ಜಿರಳೆಗಳು ‘ಪ್ರೇಕ್ಷಕರಾಗಿ’ ಇದ್ದಾಗ ನೇರ ದಾರಿಯಲ್ಲಿ ಓಡುವ ಜಿರಳೆ ಬೇಗ ಗುರಿ ಮುಟ್ಟಿತು, ತಿರುವಿದ್ದ ದಾರಿಯಲ್ಲಿ ತಡವರಿಸಿತು. 1982ರಲ್ಲಿ ಅಮೆರಿಕದ ಕಾಲೇಜೊಂದರಲ್ಲಿ ಬಿಲಿಯರ್ಡ್ಸಿನಂಥ ಪೂಲ್ ಆಟ ಆಡುವವರನ್ನು ಸಂಶೋಧಕರು ಗುಟ್ಟಾಗಿ ಗಮನಿಸಿ, ಆಮೇಲೆ ನಾಲ್ಕು ಜನ ಮೇಜಿನ ಪಕ್ಕ ಹೋಗಿ ನಿಂತರು. ಒಳ್ಳೆಯ ಆಟಗಾರರ ಗುರಿ ಶೇ 71ರಿಂದ ಶೇ 80ಕ್ಕೆ ಏರಿತು. ಕಚ್ಚಾ ಆಟಗಾರರದ್ದು ಶೇ 36ರಿಂದ ಶೇ 25ಕ್ಕೆ ಇಳಿಯಿತು. ನಮ್ಮ ಶಾಲೆಗಳ ನಾಟಕಕ್ಕೆ ಇದನ್ನು ಹಚ್ಚಿ ನೋಡಿ. ಹತ್ತು ದಿನದ ತಾಲೀಮು, ಕೊನೆಯ ದಿನದವರೆಗೂ ಕೈಯಲ್ಲಿ ಚೀಟಿ, ವೇಷ ಮತ್ತು ಮೈಕು ಸಿಗುವುದು ಪ್ರದರ್ಶನದ ದಿನವೇ, ಎದುರಿಗೆ ಇಡೀ ಊರು. ಹೀಗಾದಾಗ ಮಗು ಮಾತು ಮರೆತರೆ ಅದನ್ನು ಪುಕ್ಕಲು ಎನ್ನುವುದು ಅನ್ಯಾಯ. ಅರೆಬೆಂದ ಮಾತನ್ನು ಸಭೆಯ ಎದುರು ಇಡಿಸಿದವರು ನಾವು. ಮಾತು ಗಟ್ಟಿಯಾಗುವುದೆಂದರೆ ಕೂತು ಒಪ್ಪಿಸುವುದಷ್ಟೇ ಆಗಬಾರದು. ಪಾತ್ರೆ ತೊಳೆಯುತ್ತ, ಮೆಟ್ಟಿಲು ಹತ್ತುತ್ತ, ಯಾರೋ ಚೆಂಡು ಎಸೆಯುವಾಗ ಹಿಡಿಯುತ್ತ ಹೇಳಿದರೂ ಮಾತು ತಡೆಯದೆ ಬರಬೇಕು. ಆಗ ಸಭೆಯ ನೋಟ ಅದನ್ನು ಅಲುಗಿಸದೆ ಮೇಲಕ್ಕೆ ಎತ್ತುತ್ತದೆ.

ಹಂತ ಹಂತವಾಗಿ ಸಭೆಗೆ ಒಗ್ಗಿಸುವ ಈ ವಿದ್ಯೆಯನ್ನು ನಾವು ಹೊರಗಿನಿಂದ ತರಬೇಕಿಲ್ಲ. ನಮ್ಮ ಯಕ್ಷಗಾನ ಮೇಳಗಳು ಇದನ್ನು ಕಥೆಗೆ ಮುಂಚೆ ನಡೆಯುವ ಪೂರ್ವರಂಗದ ರೂಪದಲ್ಲಿ ಕಟ್ಟಿ ನಡೆಸಿದವು. ಮೇಳಕ್ಕೆ ಸೇರಿದ ಹುಡುಗನಿಗೆ ಯಾರೂ ಮೊದಲ ದಿನವೇ ಅಭಿಮನ್ಯುವಿನ ವೇಷ ಕಟ್ಟುವುದಿಲ್ಲ. ಅವನು ಕೋಡಂಗಿಯಾಗಿ ಬರುತ್ತಾನೆ. ಅದಕ್ಕೆ ಕಥೆ ಇಲ್ಲ, ಮಾತಿಲ್ಲ, ಭಾರದ ಕಿರೀಟ ಇಲ್ಲ. ಚೆಂಡೆ ಮದ್ದಳೆಗೆ ಸರಿಯಾಗಿ ಮೂಲ ಹೆಜ್ಜೆಗಳನ್ನು ಕುಣಿದರಾಯಿತು. ಹೊತ್ತು ಸಂಜೆ, ಜನ ಇನ್ನೂ ಬರುತ್ತಿರುತ್ತಾರೆ, ಚಾಪೆ ಹಾಸಿ ಜಾಗ ಹಿಡಿಯುತ್ತಿರುತ್ತಾರೆ, ಕಡಲೆ ಕೊಳ್ಳುತ್ತಿರುತ್ತಾರೆ. ಕೋಡಂಗಿಯ ಒಂದು ಹೆಜ್ಜೆ ತಪ್ಪಿದರೆ ಆಟ ಕೆಡುವುದಿಲ್ಲ, ಯಾರೂ ಅದನ್ನು ದೊಡ್ಡದು ಮಾಡುವುದೂ ಇಲ್ಲ. ಆದರೆ ಅವನ ಕಾಲು ರಂಗಸ್ಥಳದ ನೆಲವನ್ನು ತಿಳಿಯಿತು, ಕಣ್ಣು ಬೆಳಕಿಗೆ ಒಗ್ಗಿತು, ಕಿವಿ ಹಾಡುವ ಭಾಗವತರ ಜಾಗಟೆಗೆ ಹೊಂದಿತು. ಅದು ಪಳಗಿದ ಮೇಲೆ ಬಾಲಗೋಪಾಲ, ಬಲರಾಮ ಕೃಷ್ಣರ ಜೋಡಿ. ವೇಷ ತುಸು ಭಾರವಾಯಿತು, ಕುಣಿತ ತುಸು ಕಷ್ಟವಾಯಿತು. ಆಮೇಲೆ ಪೀಠಿಕೆಯ ಸ್ತ್ರೀವೇಷ, ಅದೂ ಜೋಡಿಯಾಗಿ. ಹೊಸಬನನ್ನು ಒಂಟಿಯಾಗಿ ಸಭೆಯ ಎದುರು ನಿಲ್ಲಿಸಬಾರದು ಎಂಬ ತಿಳಿವಳಿಕೆ ಈ ಜೋಡಿಗಳಲ್ಲಿದೆ ಎಂದೇ ನಾನು ತಿಳಿಯುತ್ತೇನೆ. ಇವೆಲ್ಲ ದಾಟಿ ಒಡ್ಡೋಲಗದ ಸಣ್ಣ ವೇಷ, ಅಭಿಮನ್ಯುವಿನಂಥ ಪುಂಡುವೇಷ ಎಂದು ಅವನು ಕಥೆಯ ಒಳಕ್ಕೆ ಬರುವ ಹೊತ್ತಿಗೆ ಸಭೆಯೆಂಬುದು ನಿತ್ಯ ನೋಡುವ ಮುಖವಾಗಿರುತ್ತದೆ. ಮೇಳಗಳ ತಿರುಗಾಟ ದೀಪಾವಳಿಯ ಆಚೆ ಶುರುವಾದರೆ ತುಳುನಾಡಿನಲ್ಲಿ ಮೇ ತಿಂಗಳ ಪತ್ತನಾಜೆಯವರೆಗೆ ಬಿಡುವಿಲ್ಲದೆ ನಡೆಯುತ್ತದೆ. ಇಂದು ಮುಗ್ಗರಿಸಿದವನಿಗೆ ನಾಳೆ ರಾತ್ರಿ ಇನ್ನೊಂದು ಊರಿನಲ್ಲಿ ಅದೇ ವೇಷ ಕಾದಿರುತ್ತದೆ. ವರ್ಷಕ್ಕೊಮ್ಮೆ ಮಾತ್ರ ರಂಗ ಹತ್ತುವ ಶಾಲೆಯ ಹುಡುಗ ತಪ್ಪಿದ ಒಂದು ಮಾತನ್ನು ತಿದ್ದಿಕೊಳ್ಳಲು ವರ್ಷ ಕಾಯಬೇಕು. ಕಾಯುವ ಆ ಹನ್ನೆರಡು ತಿಂಗಳು ತಪ್ಪು ಅವನ ತಲೆಯಲ್ಲಿ ಬೆಳೆಯುತ್ತಲೇ ಇರುತ್ತದೆ.

ವೇಷ ಕಟ್ಟುವ ಜಾಗವಾದ ಚೌಕಿಯನ್ನೂ ಒಂದು ಗಳಿಗೆ ಹತ್ತಿರದಿಂದ ನೋಡಬೇಕು. ವೇಷಧಾರಿ ಕನ್ನಡಿ ಹಿಡಿದು ತನ್ನ ಮುಖಕ್ಕೆ ತಾನೇ ಬಣ್ಣ ಹಚ್ಚಿಕೊಳ್ಳುತ್ತಾನೆ. ಹುಬ್ಬು ತೀಡುತ್ತಾನೆ, ನಾಮ ಬರೆಯುತ್ತಾನೆ, ಒಂದರ ಮೇಲೊಂದು ಕಟ್ಟು ಬಿಗಿಸಿಕೊಳ್ಳುತ್ತಾನೆ, ಕೊನೆಗೆ ಗೆಜ್ಜೆ. ಬಹಳ ಹೊತ್ತಿನ ಈ ಕೆಲಸದಲ್ಲಿ ಅವನ ಕೈಗೆ ಬಿಡುವಿಲ್ಲ, ಮನಸ್ಸು ಮೆಲ್ಲಮೆಲ್ಲಗೆ ಪಾತ್ರದ ಕಡೆ ಜರುಗುತ್ತದೆ. ರಂಗಕ್ಕೆ ಹೋಗುವ ಮುಂಚಿನ ಖಾಲಿ ಹೊತ್ತೇ ಹೆದರಿಕೆ ಬೆಳೆಯುವ ಗದ್ದೆ. ಮೇಳದಲ್ಲಿ ಆ ಹೊತ್ತು ಖಾಲಿ ಇರುವುದೇ ಇಲ್ಲ. ರಂಗಕ್ಕೆ ಹೋದ ಮೇಲೂ ಅವನ ಬೆನ್ನಿಗೆ ಭಾಗವತರಿದ್ದಾರೆ. ಮಾತು ತೊಡರಿದರೆ ಒಂದು ಪ್ರಶ್ನೆ ಕೇಳಿ ದಾರಿಗೆ ತರುತ್ತಾರೆ, ಇಲ್ಲವೇ ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ತುಮಕೂರು, ಮಂಡ್ಯ, ಹಾಸನದ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವ ರೈತರಿಗೆ, ಅಂಗಡಿಯವರಿಗೆ ಹಾರ್ಮೋನಿಯಂ ಮೇಷ್ಟ್ರು ಮಾಡುವುದೂ ಇದನ್ನೇ. ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಸಿ, ನಾಟಕದ ದಿನ ರಂಗದ ಮುಂದೆ ಪೆಟ್ಟಿಗೆ ಇಟ್ಟುಕೊಂಡು ಕೂತು, ಭೀಮನಾದವನ ಕಂದಪದ್ಯಕ್ಕೆ ಶ್ರುತಿ ಕೊಟ್ಟು ಎತ್ತಿ ನಿಲ್ಲಿಸುತ್ತಾರೆ. ಹಗಲೆಲ್ಲ ಗದ್ದೆಯಲ್ಲಿದ್ದವನು ರಾತ್ರಿ ಸಾವಿರ ಜನರ ಎದುರು ಗದೆ ಹೊತ್ತು ನಿಲ್ಲುವ ಧೈರ್ಯ ಹುಟ್ಟಿನಿಂದ ಬಂದದ್ದಲ್ಲ, ಆ ತಾಲೀಮಿನಿಂದ ಮತ್ತು ಆ ಪೆಟ್ಟಿಗೆಯ ದನಿಯಿಂದ ಬಂದದ್ದು. ಈಗ ಎಷ್ಟೋ ಮೇಳಗಳ ಆಟ ನಡುರಾತ್ರಿಯೊಳಗೆ ಮುಗಿಯಬೇಕಾಗಿ ಬಂದು ಪೂರ್ವರಂಗ ಕಿರಿದಾಗಿದೆ. ಕಲಿಯುವವರ ಮೆಟ್ಟಿಲೊಂದು ಅದರೊಂದಿಗೆ ಸವೆಯುತ್ತಿದೆ. ಈ ನಷ್ಟದ ಬಗ್ಗೆ ನಾವು ಸಾಕಷ್ಟು ಮಾತಾಡಿಲ್ಲ.

‘ನಟನೆ ಹುಟ್ಟಿನಿಂದ ಬರಬೇಕು, ಹೆದರುವವರಿಗೆ ಅದು ಒಲಿಯುವುದಿಲ್ಲ’ ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಲಾರೆನ್ಸ್ ಒಲಿವಿಯರ್ ಅವರ ಬದುಕೇ ಉತ್ತರ. 1948ರ ಹ್ಯಾಮ್ಲೆಟ್ ಚಿತ್ರಕ್ಕೆ ಆಸ್ಕರ್ ಪಡೆದ, ಇಂಗ್ಲೆಂಡಿನ ನ್ಯಾಷನಲ್ ಥಿಯೇಟರ್ ಸಂಸ್ಥೆಯ ಮೊದಲ ನಿರ್ದೇಶಕನಾದ ಆ ನಟನನ್ನು ಸಭಾಕಂಪನ ಹಿಡಿದದ್ದು ಐವತ್ತು ದಾಟಿದ ಮೇಲೆ. ಸುಮಾರು ಐದು ವರ್ಷ ಅದು ಬಿಡಲಿಲ್ಲ. ಒಥೆಲೊ ಆಡುವಾಗ ರಂಗದ ಮೇಲೆ ಒಬ್ಬನೇ ಉಳಿಯಲು ಹೆದರಿ, ಇಯಾಗೊ ಪಾತ್ರದ ನಟನಿಗೆ ತನ್ನ ಕಣ್ಣಿಗೆ ಬೀಳುವ ಹಾಗೆ ವಿಂಗಿನಲ್ಲೇ ನಿಂತಿರು ಎಂದು ಕೇಳಿಕೊಂಡಿದ್ದರು. ಅವರು ನಟನೆ ಬಿಡಲಿಲ್ಲ. ಹೆದರಿಕೆಯನ್ನು ಜೊತೆಗಿಟ್ಟುಕೊಂಡೇ ಪ್ರತಿ ರಾತ್ರಿ ರಂಗಕ್ಕೆ ಹೋದರು. ಹೆದರಿಕೆ ಪ್ರತಿಭೆಯ ಕೊರತೆಯನ್ನು ಅಳೆಯುವ ಮಾಪಕವಾಗಿದ್ದರೆ ಒಲಿವಿಯರ್ ಯಾವ ಲೆಕ್ಕದಲ್ಲಿ ಬರುತ್ತಾರೆ? ಈ ಉದಾಹರಣೆಯಿಂದ ತಪ್ಪು ಪಾಠವನ್ನೂ ಕಲಿಯಬಾರದು. ಹೆದರುವವರೆಲ್ಲ ದೊಡ್ಡ ನಟರಾಗುತ್ತಾರೆ ಎಂದೇನಿಲ್ಲ. ಹೆದರಿಕೆ ಇರಲಿ, ಇಲ್ಲದಿರಲಿ, ಅಭಿನಯದ ಯೋಗ್ಯತೆಯ ಪ್ರಶ್ನೆ ಬೇರೆಯೇ. ಹದಿನಾಲ್ಕರಲ್ಲಿ ಅದರ ತೀರ್ಪು ಕೊಡುವ ಅಧಿಕಾರ ಯಾರಿಗೂ ಇಲ್ಲ.

ಮೂರನೆಯ ಆಕ್ಷೇಪಕ್ಕೆ ನಾನು ತಲೆಬಾಗುತ್ತೇನೆ. ಕೆಲವು ಮಕ್ಕಳ ಹೆದರಿಕೆ ರಂಗಕ್ಕಷ್ಟೇ ಸಂಬಂಧಿಸಿದ್ದಲ್ಲ. ತರಗತಿಯಲ್ಲಿ ಹಾಜರಿ ಕೂಗಿದರೂ ದನಿ ಹೊರಡದ, ನಾಲ್ಕು ಜನರ ಎದುರು ಊಟ ಮಾಡಲಾಗದ, ಅಂಗಡಿಗೆ ಹೋಗಿ ಸಾಮಾನು ಕೇಳಲೂ ಒದ್ದಾಡುವ, ಅದಕ್ಕಾಗಿ ಶಾಲೆಯನ್ನೇ ತಪ್ಪಿಸುವ ಮಕ್ಕಳಿದ್ದಾರೆ. ಅದು ಸಾಮಾಜಿಕ ಆತಂಕದ ತೊಂದರೆ ಇರಬಹುದು. ಸಾಮಾನ್ಯವಾಗಿ ಅದು ತಲೆ ಎತ್ತುವುದು ಇದೇ ವಯಸ್ಸಿನಲ್ಲಿ. ಅವರನ್ನು ನಾಟಕದಿಂದ ಸರಿಪಡಿಸುತ್ತೇವೆ ಎಂದು ರಂಗಕ್ಕೆ ಎಳೆಯುವುದು ಕ್ರೌರ್ಯ. ಅವರಿಗೆ ಮನೋವೈದ್ಯರ, ಆಪ್ತಸಮಾಲೋಚಕರ ನೆರವು ಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್‌ನಂಥ ಮಾತ್ರೆಯನ್ನು ಕೆಲವು ಸಂಗೀತಗಾರರು, ಭಾಷಣಕಾರರು ತೆಗೆದುಕೊಳ್ಳುವುದುಂಟು. ಅದನ್ನು ಕೇಳಿ ಮನೆಯಲ್ಲಿ ಯಾರದೋ ಮಾತ್ರೆ ನುಂಗುವ ಸಾಹಸ ಯಾವ ಮಕ್ಕಳೂ ಮಾಡಬಾರದು. ಆಸ್ತಮಾ ಇದ್ದವರಿಗೆ ಅದು ಪ್ರಾಣಕ್ಕೇ ಎರವಾದೀತು. ಹಾಗೆಂದು ಈ ಮಕ್ಕಳಿಗೆ ರಂಗಭೂಮಿಯ ಬಾಗಿಲು ಮುಚ್ಚಿದೆ ಎಂದೂ ಅರ್ಥವಲ್ಲ. ಬೆಳಕು ನೋಡಿಕೊಳ್ಳುವುದು, ಪರಿಕರ ಜೋಡಿಸುವುದು, ಮೇಳದ ಹಾಡಿನಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುವುದು, ಇವೆಲ್ಲ ನಾಟಕದ ಒಳಗಿನ ಜಾಗಗಳೇ. ವೈದ್ಯರು ನೀಡುವ ಚಿಕಿತ್ಸೆಯಲ್ಲೂ ಹೆದರಿಸುವ ಸನ್ನಿವೇಶಕ್ಕೆ ಚಿಕ್ಕ ಚಿಕ್ಕ ಹಂತಗಳಲ್ಲಿ ಒಗ್ಗಿಸುವುದೇ ಮುಖ್ಯ ಭಾಗ ಎಂಬುದನ್ನು ಗಮನಿಸಬೇಕು. ಕೋಡಂಗಿಯ ಮೆಟ್ಟಿಲು ಅಲ್ಲಿಯೂ ಇದೆ.

ಇನ್ನು ಮೊಬೈಲಿನ ಮಾತು. ಇಂದಿನ ಹದಿಹರೆಯದವರ ಎದುರು ಕೂತಿರುವುದು ಮುನ್ನೂರು ಜನರ ಸಭೆ ಮಾತ್ರವಲ್ಲ, ಮೇಲಕ್ಕೆತ್ತಿದ ಮುನ್ನೂರು ಮೊಬೈಲುಗಳೂ ಹೌದು. ಹಿಂದೆ ತಪ್ಪಿದ ಮಾತು ಆ ರಾತ್ರಿಗೇ ಗಾಳಿಯಲ್ಲಿ ಕರಗುತ್ತಿತ್ತು. ಈಗ ಅದು ಹದಿನೈದು ಸೆಕೆಂಡಿನ ತುಣುಕಾಗಿ ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಳಗಾಗುವ ಮುಂಚೆ ಹರಿದಾಡುತ್ತದೆ. ಕಲ್ಪಿತ ಪ್ರೇಕ್ಷಕರು ಈಗ ಪೂರ್ತಿ ಕಲ್ಪನೆಯೂ ಅಲ್ಲ. ಯಾರೂ ನಿನ್ನನ್ನು ಅಷ್ಟು ಗಮನಿಸುವುದಿಲ್ಲ ಎಂದು ನಾವು ಹೇಳುವ ಸಮಾಧಾನ ನಿಜವಾಗಬೇಕಾದರೆ, ಗಮನಿಸುವ ಯಂತ್ರವನ್ನು ನಾವು ಕೆಳಗಿಡಬೇಕು. ಸ್ಪರ್ಧೆಯ ಗೀಳಿನದೂ ಇದೇ ಕಥೆ. ಪ್ರತಿಭಾ ಕಾರಂಜಿಯಂಥ ಶಾಲಾ ಸ್ಪರ್ಧೆಯ ವೇದಿಕೆಗಳಿಂದ ಹಳ್ಳಿಯ ಎಷ್ಟೋ ಮಕ್ಕಳಿಗೆ ಮೊದಲ ಅವಕಾಶ ಸಿಕ್ಕಿದೆ, ಅದಕ್ಕೆ ಬೆಲೆ ಇದೆ. ಆದರೆ ಮಗು ಮೊದಲ ಬಾರಿ ರಂಗ ಹತ್ತುವಾಗಲೇ ಮೂವರು ತೀರ್ಪುಗಾರರು ಅಂಕ ಬರೆಯುತ್ತ ಕೂತಿರಬೇಕೆ? ಅಂಕ ಇಲ್ಲದ, ಬಹುಮಾನ ಇಲ್ಲದ, ಚಿತ್ರೀಕರಣ ಇಲ್ಲದ ಹತ್ತು ಪ್ರದರ್ಶನ ಕಂಡ ಮಗು ಹನ್ನೊಂದನೆಯದರಲ್ಲಿ ತೀರ್ಪುಗಾರರನ್ನು ಎದುರಿಸಲಿ.

ನಾಟಕ ಕಲಿಸಲೆಂದೇ ನೇಮಕವಾದ ಶಿಕ್ಷಕರು ನಮ್ಮ ಸರ್ಕಾರಿ ಶಾಲೆಗಳಲ್ಲಿ ಬಹಳ ವಿರಳ. ಗಣಿತದವರೋ ಕನ್ನಡದವರೋ ಪಾಠ ಮುಗಿಸಿ ಉಳಿದ ಹೊತ್ತಿನಲ್ಲಿ ಈ ಕೆಲಸ ಮಾಡುತ್ತಾರೆ. ಅವರ ಮೇಲೆ ಇನ್ನಷ್ಟು ಹೊರೆ ಹೊರಿಸಲು ನಾನು ಇದನ್ನು ಬರೆಯುತ್ತಿಲ್ಲ. ಅವರಲ್ಲಿ ನನ್ನ ಬೇಡಿಕೆ ಚಿಕ್ಕದು. ಈ ಸಲದ ವಾರ್ಷಿಕೋತ್ಸವದ ನಾಟಕಕ್ಕೆ ಮಾತು ಬಾಯಿಗೆ ಬಂದ ಮರುದಿನವೇ ಪಕ್ಕದ ತರಗತಿಯ ಐದು ಮಕ್ಕಳನ್ನು ಕರೆದು ತಾಲೀಮು ನೋಡಲು ಕೂರಿಸಿ. ಮುಂದಿನ ವಾರ ಹದಿನೈದು ಜನ ಇರಲಿ, ಅದರ ಮುಂದಿನ ವಾರ ಬಿಸಿಯೂಟ ಬಡಿಸುವ ಅಮ್ಮಂದಿರೂ ಸೇರಿ ಐವತ್ತು ಜನ. ವೇಷದ ಬಟ್ಟೆಯನ್ನು, ಕೈಯಲ್ಲಿ ಹಿಡಿಯುವ ಸಾಮಾನನ್ನು ಒಂದು ವಾರ ಮೊದಲೇ ಮಕ್ಕಳಿಗೆ ಕೊಡಿ. ಹೆದರುವ ಹುಡುಗಿಯ ಪ್ರವೇಶವನ್ನು ಇನ್ನೊಬ್ಬಳ ಜೊತೆ ಜೋಡಿ ಮಾಡಿ. ಪ್ರದರ್ಶನದ ರಾತ್ರಿ ಪರದೆ ಏಳುವ ಮುಂಚೆ ಪೋಷಕರಿಗೆ ಮೊಬೈಲನ್ನು ಜೇಬಿನೊಳಗಿಡಲು ಹೇಳಿ, ಸೈಡ್‌ವಿಂಗಿನಲ್ಲಿ ಅವಳ ಕಣ್ಣಿಗೆ ಕಾಣುವ ಹಾಗೆ ನೀವು ನಿಂತಿರಿ.